ಫೈಲಿನಲ್ಲಿ ಇಲ್ಲದ ಸಾಲು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಇಂಡಿ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೆಡಿಕಲ್ ಕೋಡಿಂಗ್ ಕೆಲಸಕ್ಕಿದ್ದೆ. ರೋಗಿ ಮನೆಗೆ ಹೋಗುವ ಮುನ್ನ ಫೈಲು ಓದಿ, ಪ್ರತಿ ಕಾಯಿಲೆಗೂ ವಿಮೆ, ದಾಖಲೆಗೆಂದು ಗೊತ್ತುಮಾಡಿದ ಕೋಡ್ ಸಂಖ್ಯೆ ಹಾಕಬೇಕು. ಡಾಕ್ಟರು, ನರ್ಸು ಬರೆದದ್ದಷ್ಟೇ ಲೆಕ್ಕಕ್ಕೆ. ನಮ್ಮದೇನನ್ನೂ ಸೇರಿಸುವಂತಿಲ್ಲ.

ಅಂದು ಮಧ್ಯಾಹ್ನ ಹೊರ್ತಿ ಹಳ್ಳಿಯ ಮಹಾದೇವಿಯ ಫೈಲು ಬಂತು. ಇಪ್ಪತ್ತೆರಡರ ಹೆಣ್ಣುಮಗಳು, ಸಿಕಲ್ ಸೆಲ್ ಕಾಯಿಲೆ. ರಕ್ತದ ಕಣಗಳು ಕುಡಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಂಡರೆ ಕೈಕಾಲು ತಾಳಲಾರದಷ್ಟು ನೋಯುತ್ತವೆ. ನಾಲ್ಕು ದಿನ ಸಲೈನ್ ಏರಿಸಿದ ಮೇಲೆ ನೋವು ಇಳಿದಿತ್ತು. ಮೂರರ ಬಸ್ಸಿಗೆ ಹೊರಡುವವಳಿದ್ದಳು. ನೋವಿನ ಕೋಡ್ ಹಾಕುತ್ತಿದ್ದಾಗ ನರ್ಸಿನ ಹಾಳೆಯ ಕೊನೆಗೆ ನೀಲಿ ಶಾಯಿಯ ಒಂದು ಸಾಲು ಓದಿದೆ: ಎಡ ಎದೆಯಲ್ಲಿ ನೋವು, ಉಸಿರೆಳೆದರೆ ಚುಚ್ಚುತ್ತದೆ.

ಈ ಕಾಯಿಲೆಯವರಿಗೆ ಎದೆ ನೋವೆಂದರೆ ಕೋಡೂ ಬೇರೆ, ಅಪಾಯವೂ ಬೇರೆ. ಫೈಲನ್ನು ಅಲ್ಲೇ ಬಿಟ್ಟು ಡಾಕ್ಟರ್ ಮೇಡಂ ಬಳಿ ಓಡಿದೆ. ನಾವು ವಾರ್ಡಿಗೆ ಹೋದಾಗ ಮಹಾದೇವಿ ಚೀಲ ಹಿಡಿದು ನಿಂತಿದ್ದಳು.

"ಎದಿ ನೋವ್ ಐತೇನವಾ?" ಎಂದರು ಮೇಡಂ.

ಅವಳು ತಲೆ ತಗ್ಗಿಸಿದಳು. "ಮುಂಜಾನಿಂದ ಐತ್ರಿ. ಹೇಳಿದ್ರ ಮನಿಗೆ ಬಿಡಂಗಿಲ್ಲಂತ ಸುಮ್ನಿದ್ದೆರಿ. ಕೂಸು ಅತ್ತಿ ಕಡೆ ಐತ್ರಿ."

ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ತುಂಬ ಬಿಳಿ ಮಬ್ಬು. ಕೂಡಲೇ ಆಕ್ಸಿಜನ್ ಹಚ್ಚಿದರು, ರಕ್ತ ಕೊಟ್ಟರು. "ಬಸ್ ಹತ್ತಿದ್ರ ಕಷ್ಟ ಇತ್ತು," ಎಂದರು ಮೇಡಂ. ಮಹಾದೇವಿಯ ಕಣ್ಣಲ್ಲಿ ನೀರು ಬಂತು; ಅದು ಆ ಮಾತಿಗಲ್ಲ, ಕೂಸಿಗೆ ಎಂದು ನನಗೆ ಗೊತ್ತಿತ್ತು.

ಹೊಸ ಕೋಡ್ ಹಾಕಲು ಕೋಣೆಗೆ ಮರಳಿ ಫೈಲು ತೆರೆದೆ. ಆ ಸಾಲು ಇರಲಿಲ್ಲ. ಎಲ್ಲ ಹಾಳೆಗಳನ್ನೂ ತಿರುವಿದೆ, ಕಿಟಕಿಯ ಬೆಳಕಿಗೆ ಹಿಡಿದೆ. ಮೇಜಿನ ಮೇಲೆ ಬೇರೆ ಯಾರ ಫೈಲೂ ಇರಲಿಲ್ಲ. ಆ ಹಾಳೆ ಬರೆದಿದ್ದ ನರ್ಸ್ ಶಾಂತಾಳನ್ನು ಕೇಳಿದೆ. "ಇಲ್ರಿ ಸರ, ನಾ ಹಂಗ ಬರದೇ ಇಲ್ಲ. ಆಕಿ ನನಗ ಹೇಳೇ ಇಲ್ಲಲ್ರಿ!" ಎಂದಳು.

ಎಂಟು ದಿನ ಕಳೆದು, ಅತ್ತೆ ಕರೆತಂದ ಕೂಸನ್ನು ಸೊಂಟಕ್ಕೇರಿಸಿಕೊಂಡು ಮಹಾದೇವಿ ನನ್ನ ಕೋಣೆಯ ಬಾಗಿಲಿಗೆ ಬಂದಳು. "ನಾ ಯಾರಿಗೂ ಹೇಳಿದ್ದಿಲ್ಲ. ನಿಮಗ ಹೆಂಗ ಗೊತ್ತಾತ್ರಿ ಸರ?"

"ಫೈಲಿನಾಗ ಇತ್ತವಾ," ಎಂದೆ.

ಅವಳಿಗೆ ನಾನು ಹೇಳಿದ್ದು ಸುಳ್ಳೋ ನಿಜವೋ, ಇವತ್ತಿಗೂ ನನಗೆ ತಿಳಿದಿಲ್ಲ.