ಮುಖ ತೊಳೆಯದ ಲಕ್ಷ್ಮಿ

ಹಳೆಯ ತಾಮ್ರದ ನಾಣ್ಯವನ್ನು ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡಿದಿದ್ದು ಬಿಟ್ಟರೆ ಅಂಗೈಗೆ ಒಂದು ವಾಸನೆ ಹತ್ತುತ್ತದೆ. ಕೊಡದ ತಳದಲ್ಲಿ ಉಳಿದ ನೀರಿನದೂ ಅಲ್ಲ, ಬೆವರಿನದೂ ಅಲ್ಲ, ಎರಡರ ನಡುವಿನದು. ಮೊನ್ನೆ ನಿಮ್ಮಲ್ಲೇ ಸಣ್ಣವಳು ಕಪಾಟಿನಲ್ಲಿ ಸಿಕ್ಕ ತೂತಿನ ಕಾಸೊಂದನ್ನು ತಂದು, "ಅಜ್ಜಿ, ಇದು ಯಾವ ಮಿಶನ್ನಿನ ವಾಶರ್?" ಎಂದು ಕೇಳಿ ನನ್ನ ಕೈಯಲ್ಲಿಟ್ಟು ಆಡಲು ಹೋದಳು. ನಾನು ಅದನ್ನು ಹಿಡಿದುಕೊಂಡೇ ಕುಳಿತೆ. ಸಂಜೆ ಅಂಗೈ ಮೂಸಿ ನೋಡಿದಾಗ ಆ ವಾಸನೆಯ ಹಿಂದೆಯೇ ಬನವಾಸಿಯ ನಮ್ಮ ಅಂಗಡಿಮನೆ ಎದ್ದು ಬಂತು. ಕೂತು ಕತೆ ಹೇಳುವುದು ನನಗೆ ಬಾರದೆಂದು ನಿಮಗೆಲ್ಲ ಗೊತ್ತಿದೆ. ಹಾಗಾಗಿ ಬರೆದಿಡುತ್ತಿದ್ದೇನೆ, ಓದಿಕೊಳ್ಳಿ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ತಗ್ಗಿನ ಬಾಗಿಲು. ಬೆಲ್ಲ, ಒಣಮೆಣಸಿನಕಾಯಿ, ತೆಂಗಿನ ನಾರಿನ ಹಗ್ಗ ಮೂರೂ ಕೂಡಿದ ಗಾಳಿ ಅಡುಗೆಮನೆಯವರೆಗೆ ಬರುತ್ತಿತ್ತು. ಮನೆಯಲ್ಲಿ ಅಪ್ಪ, ಅವ್ವ, ನಾನು ಮತ್ತು ಅಪ್ಪನ ತಾಯಿ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಹೊಸ ಪೈಸೆ ಬಂದ ಕಾಲ ಅದು. ಆಣೆಗೆ ಎಷ್ಟು ಪೈಸೆಯೆಂದು ಗಿರಾಕಿಗಳು ಅಪ್ಪನೊಡನೆ ದಿನವೂ ಜಗಳ ತೆಗೆಯುತ್ತಿದ್ದರು, ಅಪ್ಪನಿಗೆ ಅದರಲ್ಲಿ ಭಾರೀ ಖುಷಿ. ಯಾಕೆಂದರೆ ಜನ ಮೂಲೆಮೂಲೆಯಲ್ಲಿ ಇಟ್ಟಿದ್ದ ಹಳೆಯ ದುಡ್ಡನ್ನೆಲ್ಲ ತಂದು ಸುರಿಯುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ ಅಪ್ಪ ಗಲ್ಲಾಪೆಟ್ಟಿಗೆಯನ್ನು ಚಾಪೆಯ ಮೇಲೆ ಬೋರಲು ಹಾಕಿ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಹಳೆಯದನ್ನು ಆರಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು ಆರಿಸುತ್ತಿದ್ದೆ. ತೂತಿನ ಕಾಸುಗಳು ನನ್ನ ಪಾಲು. ಅವನ್ನು ಕೆಂಪು ದಾರಕ್ಕೆ ಪೋಣಿಸಿ ಇಟ್ಟುಕೊಂಡಿದ್ದೆ. ಮಿಕ್ಕವು ಅಪ್ಪನ ತಗಡಿನ ಡಬ್ಬಿಗೆ. "ಮಂದಿ ರೊಕ್ಕ ಗಳಿಸಿ ಇಡತಾರ, ನನ್ನ ಮಗ ನಡೀದ ರೊಕ್ಕ ಗಳಿಸಿ ಇಡತಾನ" ಎಂದು ಆಯಿ ನೆರೆಯವರಿಗೆ ಹೇಳುತ್ತಿದ್ದಳು.

ಅಪ್ಪನಂಥವರು ಸುತ್ತಿನಲ್ಲಿ ಇನ್ನೂ ಕೆಲವರಿದ್ದರು. ವರ್ಷಕ್ಕೆ ಒಂದೆರಡು ಸಲ ಒಂದೊಂದು ಊರಿನಲ್ಲಿ ಸೇರಿ ತಮ್ಮ ತಮ್ಮ ನಾಣ್ಯ ಹರಡಿ ಕೂರುತ್ತಿದ್ದರು. ಅದಕ್ಕೆ ಪ್ರದರ್ಶನವೆಂದು ದೊಡ್ಡ ಹೆಸರು. ಸಿರ್ಸಿಯಲ್ಲಾದರೆ ಶಾಲೆಯ ಡ್ರಾಯಿಂಗ್ ಕೋಣೆ, ಸಿದ್ದಾಪುರದಲ್ಲಿ ಒಂದು ಬಟ್ಟೆ ಅಂಗಡಿಯ ಅಟ್ಟ, ಯಲ್ಲಾಪುರದಲ್ಲಿ ಒಬ್ಬ ನಾಟಾ ವ್ಯಾಪಾರಿಯ ವಖಾರಿ. ಅಲ್ಲಿ ಆಗಷ್ಟೇ ಕೊಯ್ದ ಸಾಗವಾನಿಯ ಹುಡಿ ನಾಣ್ಯಗಳ ಮೇಲೆ ಕೂರುತ್ತಿತ್ತು, ಊದಿ ಊದಿ ನೋಡಬೇಕಾಗುತ್ತಿತ್ತು. ಬೆಂಚಿನ ಮೇಲೆ ಮಡಿಸಿದ ಪಂಚೆ ಹಾಸಿ, ಹತ್ತಿಯ ಮೇಲೆ ಒಂದೊಂದು ನಾಣ್ಯ ಇಟ್ಟು, ಭೂತಗನ್ನಡಿಯನ್ನು ಕೈಯಿಂದ ಕೈಗೆ ದಾಟಿಸುತ್ತಾ ಮಾತಾಡಿದ್ದೇ ಮಾತಾಡಿದ್ದು. ಮಧ್ಯಾಹ್ನಕ್ಕೆ ಅವಲಕ್ಕಿ, ಚಹಾ. ಬದಲಿ ಮಾಡಿಕೊಳ್ಳುವುದೂ ಇತ್ತು. ನನಗೆ ಬಾಯಿಬಿಟ್ಟು ಕೇಳಲು ನಾಚಿಕೆ. ಬೇಕಾದ ನಾಣ್ಯದ ಪಕ್ಕದಲ್ಲಿ ನನ್ನದೊಂದನ್ನು ಇಟ್ಟು ಸುಮ್ಮನೆ ನಿಲ್ಲುತ್ತಿದ್ದೆ. ಅವರು ನೋಡಿ, ಒಪ್ಪಿದರೆ ತಮ್ಮದನ್ನು ನನ್ನ ಕಡೆ ಸರಿಸುತ್ತಿದ್ದರು, ಇಲ್ಲವಾದರೆ ನನ್ನದನ್ನೇ ಸರಿಸುತ್ತಿದ್ದರು. ಒಂದು ಮಾತೂ ಇಲ್ಲದೆ ಒಳ್ಳೆಯ ವ್ಯಾಪಾರ ಮಾಡುತ್ತಿದ್ದೆ. ಸಿದ್ದಾಪುರದ ಕಡೆಯ ಒಬ್ಬ ಹೆಗಡೇರು ಮಾತ್ರ, "ಈ ಕೂಸಿನ ಹತ್ರ ವ್ಯವಹಾರ ಕಷ್ಟ, ಚೌಕಾಶಿ ಮಾಡೂಕೆ ಎಡೆಯೇ ಕೊಡೂದಿಲ್ಲ" ಎಂದು ನಗಿಸುತ್ತಿದ್ದರು. ಅವರೂ ಸಿರ್ಸಿಯ ಡ್ರಾಯಿಂಗ್ ಮಾಸ್ತರರೂ ಈ ಕೂಟದ ದೊಡ್ಡವರು. ಇಬ್ಬರಿಗೂ ಯಾವ ನಾಣ್ಯದ ವಿಷಯದಲ್ಲೂ ಒಮ್ಮತವಾದದ್ದು ನಾನು ನೋಡಿಲ್ಲ.

ನಮ್ಮ ಮನೆಯ ದೇವರ ಕೋಣೆಯಲ್ಲಿ ಒಂದು ನಾಣ್ಯವಿತ್ತು. ದೀಪಾವಳಿಯ ಲಕ್ಷ್ಮೀಪೂಜೆಗೆ ಗಲ್ಲಾಪೆಟ್ಟಿಗೆಯ ಮೇಲೆ ಹಿತ್ತಾಳೆ ತಟ್ಟೆ ಇಟ್ಟು, ಅಕ್ಕಿ ಹರಡಿ, ನಡುವೆ ಅದನ್ನು ಕೂರಿಸಿ ಅರಿಶಿನ, ಕುಂಕುಮ, ವಿಭೂತಿ ಹಚ್ಚುತ್ತಿದ್ದರು. ನಮ್ಮ ಹಿರಿಯರು ಗಳಿಸಿದ ಬಂಗಾರದ ಹೊನ್ನು ಅದು ಎಂದು ಮನೆಯ ನಂಬಿಕೆ. ಆದರೆ ಅದನ್ನು ತೊಳೆಯುವ ಪದ್ಧತಿ ಇರಲಿಲ್ಲ. ಮುಖ ತೊಳೆದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ಆಯಿಯ ಕಟ್ಟಪ್ಪಣೆ. ವರ್ಷ ವರ್ಷ ಹಚ್ಚಿದ್ದರ ಮೇಲೆ ಹಚ್ಚಿ ಅದು ಬೆಲ್ಲದ ಚೂರಿನಂತೆ ದಪ್ಪವಾಗಿತ್ತು. ಊರೂರಿನ ನಾಣ್ಯಗಳ ಮುಖ ನೋಡಿ ಬರುತ್ತಿದ್ದ ಅಪ್ಪನಿಗೆ ತನ್ನ ಮನೆಯ ನಾಣ್ಯದ ಮುಖ ಮಾತ್ರ ಗೊತ್ತಿರಲಿಲ್ಲ. ಪೂಜೆಯ ಹೊತ್ತಿಗೆ ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರೆ ಅಪ್ಪ ಕಣ್ಣು ತೆರೆದು ತಟ್ಟೆಯನ್ನೇ ನೋಡುತ್ತಿದ್ದ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತಡೆಯಲಾರದೆ ಮಾಸ್ತರರಿಗೆ ಮಾತು ಕೊಟ್ಟುಬಿಟ್ಟ. ಸಿರ್ಸಿಯ ಮುಂದಿನ ಪ್ರದರ್ಶನಕ್ಕೆ ಬನವಾಸಿಯ ಹೊನ್ನು ಬರುತ್ತದೆಂದು ಸುದ್ದಿಯಾಯಿತು. ಮನೆಯಲ್ಲಿ ದೊಡ್ಡ ಜಗಳವೇ ಆದೀತೆಂದು ನಾನೂ ಅವ್ವನೂ ಒಲೆಯ ಹತ್ತಿರ ಮುದುಡಿಕೊಂಡೆವು. ಆಯಿ ಎದ್ದು ದೇವರ ಕೋಣೆಗೆ ಹೋಗಿ ಬಂದಳು. ಆಮೇಲೆ, "ತಗೊಂಡ್ ಹೋಗು. ಆದ್ರ ನಾನೂ ಬರ್ತೀನಿ. ನೀರು ತಾಗಸಬಾರದು" ಎಂದಳು. ಆಯಿ ಆವರೆಗೆ ಸಿರ್ಸಿಗೆ ಹೋದದ್ದು ಮಾರಿಕಾಂಬೆಗೆ ಉಡಿ ತುಂಬಲು ಮಾತ್ರ.

ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮದುಮಗನ ಹಾಗೆ ನೆಟ್ಟಗೆ ಕೂತಿದ್ದ. ಹಿಂದೆ ನಾನು, ಆಯಿ. ಇಂಜಿನ್ನಿನ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಆಯಿ ನನ್ನ ಕಿವಿಗೆ ಬಾಯಿ ಹಚ್ಚಿ, "ಗಂಗೂ, ನೀ ಯಾರ ಮುಂದೂ ಮಾತಾಡೂದಿಲ್ಲ, ಅದಕ್ಕ ನಿನಗ ಹೇಳ್ತೀನಿ. ಅದು ಹೊನ್ನಲ್ಲ, ತಾಮ್ರದ ಕಾಸು" ಎಂದಳು. ನಾನು ತಿರುಗಿ ನೋಡಿದೆ. "ಹೊನ್ನು ನಿಮ್ಮಪ್ಪ ನುಂಗ್ಯಾನ. ಅಂಬೆಗಾಲು ಇಡತಿದ್ದ. ಪೂಜಾ ಮುಗಿಸಿ ನಾ ಆರತಿ ತಾಟು ಒಳಗ ಇಟ್ಟು ಬರೂದ್ರಾಗ ಬಾಯಾಗ ಹಾಕ್ಕೊಂಡಿದ್ದ." ಅತ್ತೆಗೆ ಹೆದರಿ ಆಯಿ ಅಷ್ಟೇ ಅಗಲದ ಒಂದು ಕಾಸನ್ನು ಹುಡುಕಿ, ದಪ್ಪ ಅರಿಶಿನ ಬಳಿದು ಅದೇ ಜಾಗದಲ್ಲಿ ಇಟ್ಟಿದ್ದಳು. ಮುಂದಿನ ದೀಪಾವಳಿಗೆ ಅತ್ತೆ ಅದನ್ನು ತೊಳೆದು ತರಲು ಹೇಳಿದಾಗ, ಲಕ್ಷ್ಮಿ ಕನಸಿನಲ್ಲಿ ಬಂದು ತನ್ನ ಮುಖ ತೊಳೆಯಬೇಡವೆಂದು ಹೇಳಿದ್ದಾಳೆ ಎಂದುಬಿಟ್ಟಿದ್ದಳು. ನಮ್ಮ ಮನೆಯ ಪದ್ಧತಿ ಹುಟ್ಟಿದ್ದು ಹಾಗೆ. "ಈಗ ನಾಕ ಮಂದ್ಯಾಗ ಇವ ನೀರು ಹಾಕಿ, ತಾಮ್ರ ಬಂದ್ರ, ಇವನ ಮುಖ ನೋಡಾಕ ಆಗ್ತದೇನ?" ಎಂದು ಆಯಿ ಮುಂದಿನ ಸೀಟಿನ ಮೇಲಿನ ಅಪ್ಪನ ಬೆನ್ನನ್ನೇ ನೋಡಿದಳು. ಸಿರ್ಸಿ ಬರುವವರೆಗೆ ನನ್ನ ಕೈ ಬಿಡಲಿಲ್ಲ.

ಡ್ರಾಯಿಂಗ್ ಕೋಣೆಯ ಕಪ್ಪುಹಲಗೆಯ ಮೇಲೆ ಮಾಸ್ತರರು ಬಣ್ಣದ ಸುಣ್ಣದಕಡ್ಡಿಯಲ್ಲಿ "ಬನವಾಸಿಯ ಹೊನ್ನು" ಎಂದು ಬರೆದು ಸುತ್ತ ಬಳ್ಳಿ ಬಿಡಿಸಿದ್ದರು. ಆಯಿ ಮೇಜಿನ ಪಕ್ಕದಲ್ಲಿ ಕುರ್ಚಿ ಬೇಡವೆಂದು ನೆಲದ ಮೇಲೇ ಕೂತಳು. ಚಪ್ಪಲಿ ಹಾಕಿಕೊಂಡು ಹತ್ತಿರ ಬಂದವರನ್ನು, "ಲಕ್ಷ್ಮಿ ಐತ್ರೀ, ಕಳದು ಬರ್ರಿ" ಎಂದು ಹಿಂದಕ್ಕೆ ಕಳಿಸಿದಳು. ಬೇರೆ ಮೇಜಿನವರ ಚಪ್ಪಲಿಗಳೂ ಬಾಗಿಲಲ್ಲಿ ಸಾಲಾಗಿ ನಿಂತವು. ಸಂತೆಗೆ ಬಂದಿದ್ದ ಹೆಂಗಸರು ಹಣಿಕಿ, ನಾಣ್ಯಕ್ಕೆ ಹೂವೇರಿಸಿ, ಒಂದೊಂದು ಹೊಸ ಪೈಸೆ ಇಟ್ಟು, ಕುಂಕುಮ ಹಚ್ಚಿ ಹೋದರು. ಆಯಿ ಯಾರನ್ನೂ ತಡೆಯಲಿಲ್ಲ. ಇನ್ನೊಂದು ಪದರ ಬಿದ್ದಷ್ಟೂ ಅವಳ ಮುಖದಲ್ಲಿ ಗೆಲುವು. ಮಾಸ್ತರರು ಹೆಗಡೇರ ಹತ್ತಿರ, "ಅದ್ರ ಮೇಲೆ ಎಂತ ಇದ್ದು ಹೇಳಿ ಕಂಡವರೇ ಇಲ್ಯಲ ಮಾರಾಯಾ" ಎಂದು ಗೊಣಗಿದರು. "ಕಾಣ್ತಿಲ್ಲೆ, ಅದಕ್ಕೇ ಇಷ್ಟು ಜನ. ನಿನ್ನ ಮೇಜಿನ ಮೇಲೆ ಎಲ್ಲ ಕಾಣ್ತು, ಒಬ್ಬನೂ ಬರ್ತಿಲ್ಲೆ" ಎಂದರು ಹೆಗಡೇರು.

ಮಧ್ಯಾಹ್ನದ ಹೊತ್ತಿಗೆ ಹುಬ್ಬಳ್ಳಿ ಕಡೆಯ ಒಬ್ಬ ವ್ಯಾಪಾರಿ ಬಂದು, ನಾಣ್ಯವನ್ನು ಬೆರಳ ಮೇಲೆ ಎತ್ತಿ ತೂಗಿ ನೋಡಿ, "ಸಾವ್ಕಾರ್ರ, ಬಂಗಾರ ಇಷ್ಟು ಹಗುರ ಇರ್ತದೇನ್ರೀ? ಅರಿಷಿಣ ತಗದ್ರ ಒಳಗ ಏನಾದ್ರೂ ಉಳೀತದೋ ಇಲ್ಲೋ" ಎಂದ. ಸುತ್ತ ನಿಂತವರು ನಕ್ಕರು. ಅಪ್ಪ ಕಿವಿಯವರೆಗೆ ಕೆಂಪಾದ. ಮೂಲೆಯಲ್ಲಿ ಮಾಸ್ತರರು ಬಣ್ಣ ಕಲಸುವ ಬಟ್ಟಲಿತ್ತು, ಕುಂಚ ಇತ್ತು. ಅಪ್ಪ ಬಟ್ಟಲಿಗೆ ನೀರು ತುಂಬಿ ತಂದು ಆಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಅವ್ವಾ, ಒಮ್ಮೆ ತೊಳೀತೀನಿ. ಒಂದ ಸಲ" ಎಂದ. ಅಂಗಡಿಯಲ್ಲಿ ಎಲ್ಲರನ್ನೂ ಗದರಿಸುತ್ತಿದ್ದ ಅಪ್ಪ ಹಾಗೆ ಬೇಡಿದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ. ಆಯಿ ಅವನ ಕೈಯಿಂದ ಬಟ್ಟಲು ತೆಗೆದು ಕೆಳಗಿಟ್ಟಳು.

"ಚನ್ನಾ, ನೀರಿನ ಬಾಯಿಲೆ ಕೇಳೂದು ಬ್ಯಾಡ, ನಾನ ಹೇಳ್ತೀನಿ. ಇದು ತಾಮ್ರ. ಬಂಗಾರದ್ದು ನೀ ಕೂಸಿದ್ದಾಗ ನುಂಗಿದಿ."

ಹೆಗಡೇರೇ ಮೊದಲು ಬಾಯಿಬಿಟ್ಟು, "ಆಮೇಲೆ ಹೊರಗೆ ಬರಲಿಲ್ಲವಾ, ಅಮ್ಮಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

"ಬಂದಿರಬೇಕ್ರೀ. ಬಾಳೆಹಣ್ಣು ತಿನಿಸಿ ತಿನಿಸಿ ಕೂಸಿಗೆ ಬಾಳೆಹಣ್ಣು ಅಂದ್ರ ಓಡೂಹಂಗ ಆಗಿತ್ತು. ಆದ್ರ ನಮ್ಮತ್ತಿ ಕಟ್ಟಿ ಮ್ಯಾಲ ಕುಂತಿರತಿದ್ಲು. ಹಿತ್ತಲದಾಗ ಕಡ್ಡಿ ಹಿಡಕೊಂಡು ಏನ್ ಹುಡುಕ್ತಿ ಅಂದ್ರ ಏನ್ ಹೇಳ್ಲಿ?"

ಆಮೇಲಿನ ನಗೆ ಶಾಲೆಯ ಹಂಚು ಹಾರಿಹೋಗುವಂಥದು. ಹೆಗಡೇರು ಕಣ್ಣೊರೆಸಿಕೊಳ್ಳುತ್ತಾ, "ಮಾಸ್ತರೇ, ಹಾಂಗಾದ್ರೆ ಸಾವಕಾರರನ್ನೇ ಹತ್ತಿ ಮೇಲೆ ಕೂರಿಸಿ" ಎಂದರು. ನನಗೆ ಮಾತ್ರ ನಗು ಬರಲಿಲ್ಲ. ಅಪ್ಪ ತಲೆ ತಗ್ಗಿಸಿ ಕೂತೇ ಇದ್ದ. ಆಯಿಯ ಕೈ ಅವನ ಹೆಗಲವರೆಗೆ ಹೋಗಿ ಮುಟ್ಟದೆ ನಿಂತಿತ್ತು. ಅಪ್ಪ ತಲೆ ಎತ್ತಿದ. ಅವನ ಮುಖದಲ್ಲಿ ಅವಮಾನ ಇರಲಿಲ್ಲ, ದೊಡ್ಡದೊಂದು ಆಸೆ ಇತ್ತು. "ಅವ್ವಾ, ಅಂದ್ರ ನೀ ಅದನ್ನ ನೋಡೀದಿ. ತೊಳದದ್ದು."

"ಲಗ್ನ ಆಗಿ ಬಂದ ಮ್ಯಾಲ ವರ್ಷಾ ವರ್ಷಾ ನಾನ ತೊಳೀತಿದ್ದೆ."

"ಹಂಗಾದ್ರ ಹೇಳು. ಏನಿತ್ತು ಅದರ ಮ್ಯಾಲ?"

ಆಯಿ ಕಣ್ಣು ಮುಚ್ಚಿದಳು. ಶಿವ, ಪಾರ್ವತಿ, ಇಬ್ಬರೂ ಕೂತಿದ್ದರು ಎಂದಳು. ಶಿವನ ಒಂದು ಕಾಲು ಇಳಿಬಿಟ್ಟಿತ್ತು. ಅವನ ಕೈಯಲ್ಲಿ ತ್ರಿಶೂಲ, ಅಂಚು ಒಂದು ಕಡೆ ಸವೆದಿತ್ತು. ಮಾಸ್ತರರು ಎದ್ದು ಹೋಗಿ ಹಲಗೆಯ ಮೇಲಿನ ಬಳ್ಳಿಯನ್ನೆಲ್ಲ ಒರೆಸಿ, ಅವಳು ಹೇಳಿದಂತೆ ತಟ್ಟೆಯಷ್ಟು ದೊಡ್ಡ ನಾಣ್ಯವನ್ನು ಬರೆಯತೊಡಗಿದರು. "ಕಾಲು ಅಷ್ಟು ಉದ್ದ ಬ್ಯಾಡ್ರೀ" ಎಂದರೆ ಅಳಿಸಿದರು, "ತ್ರಿಶೂಲ ಇನ್ನೂ ಈ ಕಡೆ" ಎಂದರೆ ಸರಿಸಿದರು. ಯಾವ ಮೇಜಿನ ಹತ್ತಿರವೂ ಜನ ಉಳಿಯಲಿಲ್ಲ, ಎಲ್ಲರೂ ಹಲಗೆಯ ಮುಂದೆ. ಇಕ್ಕೇರಿ ಅರಸರ ಬಂಗಾರದ ನಾಣ್ಯ, ವರಾಹವೇ ಇರಬೇಕು ಎಂದರು ಹೆಗಡೇರು. ಶಿವ ಪಾರ್ವತಿಯರ ವರಾಹವನ್ನು ಹಲವು ಅರಸರು ಅಚ್ಚು ಹೊಡೆಸಿದ್ದಾರೆ, ಹಿಂಬದಿಯ ಅಕ್ಷರ ನೋಡದೆ ಹೇಳಬಾರದು ಎಂದರು ಮಾಸ್ತರರು. ಎಲ್ಲರೂ ಆಯಿಯ ಕಡೆ ತಿರುಗಿದರು.

"ಅಕ್ಷರ ಇದ್ದುವು. ನನಗ ಓದಾಕ ಬರೂದಿಲ್ಲಲ್ರೀ" ಎಂದಳು ಆಯಿ. ಅದನ್ನು ಹೇಳುವಾಗ ಮಾತ್ರ ಅವಳ ದನಿ ಸಣ್ಣದಾಯಿತು. ನನಗೆ ಆ ಕ್ಷಣಕ್ಕೆ ಏನಾಯಿತೋ, ಸುಣ್ಣದಕಡ್ಡಿ ತಂದು ಅವಳ ಕೈಗೆ ಕೊಟ್ಟು, "ಓದಬ್ಯಾಡ ಆಯಿ, ರಂಗೋಲಿ ಹಾಕಿದಂಗ ಹಾಕು" ಎಂದೆ. ಅಷ್ಟು ಜನರ ಮುಂದೆ ನಾನು ಆಡಿದ ಮೊದಲ ಮಾತು ಅದು. ಆಯಿ ನೆಲದ ಮೇಲೆಯೇ ಹಾಕಿದಳು. ಒಂದು ಗೆರೆ, ಅದಕ್ಕೆ ತೂಗುಬಿದ್ದ ಎರಡು ಕೊಕ್ಕೆ, ಬದಿಗೊಂದು ಸೊನ್ನೆ. ಹೆಗಡೇರು ಒಂದು ಓದಿದರು, ಮಾಸ್ತರರು ಇನ್ನೊಂದು ಓದಿದರು. ಜಗಳ ನಮ್ಮ ಬಸ್ಸಿನ ಹೊತ್ತಿನವರೆಗೂ ನಡೆಯಿತು. ಅಪ್ಪ ಇಬ್ಬರಿಗೂ ಹೌದು ಹೌದು ಎನ್ನುತ್ತಾ ಆಯಿಯ ಪಕ್ಕದಲ್ಲಿ ಕಾಲು ಚಾಚಿ ಕೂತು ಅವಲಕ್ಕಿ ತಿಂದ.

ಆಮೇಲಿನ ವರ್ಷಗಳಲ್ಲಿ ಆಯಿ ಇಲ್ಲದೆ ಪ್ರದರ್ಶನವೇ ಇಲ್ಲ. ಸಿದ್ದಾಪುರದ ಅಟ್ಟ ಹತ್ತಲು ಅವಳಿಗೆ ಹೆಗಡೇರು ಕೈ ಕೊಡುತ್ತಿದ್ದರು. ಪ್ರತಿ ಸಲವೂ ಅವಳು ಅಕ್ಷರ ಹಾಕಬೇಕು, ಪ್ರತಿ ಸಲವೂ ಒಂದು ಕೊಕ್ಕೆ ಹೆಚ್ಚು ಕಡಿಮೆ ಆಗಬೇಕು, ಅವರಿಬ್ಬರೂ ಹೊಸದಾಗಿ ಜಗಳ ಆಡಬೇಕು. ಅಷ್ಟು ನಗುವ ಮನುಷ್ಯರನ್ನು ಒಂದೇ ಕೋಣೆಯಲ್ಲಿ ನಾನು ಮತ್ತೆ ಕಂಡಿಲ್ಲ. ಈಗ ಅವರಲ್ಲಿ ಒಬ್ಬರೂ ಇಲ್ಲ. ನಮ್ಮ ಅಂಗಡಿಮನೆ ಇದ್ದಲ್ಲಿ ಬೇರೆಯವರ ಕಟ್ಟಡ ಎದ್ದಿದೆ.

ಯಲ್ಲಾಪುರದ ಕೊನೆಯ ಸಲ ಒಬ್ಬರು ನಿಜವಾದ ವರಾಹವೊಂದನ್ನು ಮಾರಲು ತಂದಿದ್ದರು. ಶಿವ, ಪಾರ್ವತಿ, ಇಳಿಬಿಟ್ಟ ಕಾಲು, ಎಲ್ಲ ಇತ್ತು. ಅಪ್ಪ ಅದಕ್ಕೆಂದೇ ಎಷ್ಟೋ ಕಾಲದಿಂದ ಹಣ ಕೂಡಿಟ್ಟಿದ್ದ. ಮೊದಲು ಅದನ್ನು ಆಯಿಯ ಅಂಗೈಯಲ್ಲಿಟ್ಟು, "ನೋಡವ್ವಾ, ಇದ ಹೌದಲ್ಲ?" ಎಂದು ಕೇಳಿದ. ಆಯಿ ಬಾಗಿಲ ಬೆಳಕಿಗೆ ಹೋಗಿ ತಿರುಗಿಸಿ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟಳು. "ಇದಲ್ಲ ಬಿಡು. ನಮ್ಮದರಾಗ ಪಾರ್ವತಿ ನಗತಿದ್ಲು." ಅಪ್ಪ ಅದನ್ನು ಕೊಳ್ಳಲಿಲ್ಲ. ನಾನು ಮುಂದೆ ನಿಮ್ಮ ಅಜ್ಜನ ಜೊತೆ ಎಲ್ಲೆಲ್ಲೋ ನಾಣ್ಯ ನೋಡಲು ಹೋದೆ, ಅಂಥ ವರಾಹಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲದರಲ್ಲೂ ಪಾರ್ವತಿಯ ಮುಖ ಸಾಸಿವೆಯಷ್ಟು ಒಂದು ಚುಕ್ಕೆ, ಕಣ್ಣಿಲ್ಲ, ಬಾಯಿಲ್ಲ. ಹೊಸದಾಗಿ ಗಂಡನ ಮನೆಗೆ ಬಂದ ಹುಡುಗಿಯೊಬ್ಬಳು, ಇನ್ನೂ ಯಾರಿಗೂ ಹೆದರಲು ಕಾರಣವಿಲ್ಲದ ಒಂದು ದೀಪಾವಳಿಯ ದಿನ, ನಮ್ಮ ಹೊನ್ನನ್ನು ತೊಳೆದು ಅಂಗೈಯಲ್ಲಿಟ್ಟುಕೊಂಡು ನೋಡಿದ್ದಳು.