ಬಾದಾಮಿ ಹೊಂಡದ ಮೆಟ್ಟಿಲ ಮೇಲೆ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತ ಬಂದೆ. ಈಗ ಬಾದಾಮಿ ಹೊಂಡದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮೊಮ್ಮಗಳು ಸುಮಾ ಕಾಲೇಜು ಮುಗಿಸಿ, ಈ ಬೇಸಿಗೆಯೆಲ್ಲ ಗೆಳತಿಯರ ಜೊತೆ ಕಾರಿನಲ್ಲಿ ಸುತ್ತುತ್ತಿದ್ದಾಳೆ. ಇವತ್ತು ಇಳಕಲ್ಲಿನಿಂದ ನನ್ನನ್ನೂ ಹತ್ತಿಸಿಕೊಂಡು ಬಂದರು.

"ಅಜ್ಜಾರ, ಮಂಗ್ಯಾ ಬಂದಾವು, ಚಷ್ಮಾ ಹಿಡಕೊಳ್ರಿ!" ಎಂದು ಹುಡುಗಿಯರು ನಗುತ್ತಿದ್ದರು. ಸುಮಾ ತನ್ನ ತಾಯಿಗೆ, ಅಂದರೆ ನನ್ನ ಮಗಳಿಗೆ, ವಿಡಿಯೋ ಕಾಲ್ ಮಾಡಿ ಹೊಂಡ ತೋರಿಸಿದಳು.

"ಅಯ್ಯ, ಇಷ್ಟ್ ದೊಡ್ಡದೈತೇನ ಇದು?"

"ಯವ್ವಾ, ನೀ ಬದಾಮಿ ನೋಡೇ ಇಲ್ಲೇನ?"

"ಎಲ್ಲಿ ನೋಡ್ಲೆವಾ."

ಇಷ್ಟು ಹತ್ತಿರದ ಊರು, ಮಗಳು ಆಮೇಲೆ ಎಂದಾದರೂ ನೋಡಿರುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಲೇಜು ಮುಗಿಸಿದ ಬೇಸಿಗೆಯಲ್ಲಿ ಗೆಳತಿಯರು ಇಲ್ಲಿಗೇ ಹೊರಟು, ಟೆಂಪೋ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ್ದರು. ಹೆಣ್ಣುಮಕ್ಕಳು ಹಾಗೆ ತಿರುಗುವುದು ನನಗೆ ಸೇರುತ್ತಿರಲಿಲ್ಲ. ಬೇಡ ಎನ್ನುವ ಧೈರ್ಯವೂ ಇರಲಿಲ್ಲ. ಅದಕ್ಕೇ ನಸುಕಿನಲ್ಲೇ ಅವಳನ್ನು ಮಗ್ಗದ ಮುಂದೆ ಕೂರಿಸಿದೆ, ಸೀರೆಯ ಮೈಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕಲು. ಕೊಂಡಿಗೆ ಕೂತವರು ಮುಗಿಯುವ ತನಕ ಏಳಬಾರದೆಂಬುದು ನಮ್ಮ ಮನೆಯ ರೂಢಿ. "ಸಾವಕಾರ್ರು ಅವಸರ ಮಾಡ್ಯಾರ" ಎಂದದ್ದು ಸುಳ್ಳು. ಟೆಂಪೋ ಹಾರ್ನ್ ಹೊಡೆದು ಹೊಡೆದು ಹೋಯಿತು. ಅವಳು ತಲೆ ಎತ್ತಲಿಲ್ಲ.

ಸುಮಾ ಫೋನನ್ನು ನನ್ನ ಕೈಗೆ ಕೊಟ್ಟಳು.

"ಅಪ್ಪಾ, ಬಿಸಲಾಗ ಕುಂದರಬ್ಯಾಡ," ಎಂದಳು ಮಗಳು.

"ಊಟಾ ಆತೇನವಾ?" ಎಂದೆ. ಫೋನನ್ನು ಸುಮಾಳ ಕೈಗೆ ವಾಪಸು ಕೊಟ್ಟೆ.

ತಪ್ಪಾಯಿತು ಎಂದು ನಾನು ಇನ್ನೂ ಹೇಳದೆ ಉಳಿದಿರುವುದು ಇವಳಿಗೆ, ನನ್ನ ಮಗಳು ಗಿರಿಜಾಳಿಗೆ.