ಚೆಂಡು ಕೈ ಬಿಡುವ ಮೊದಲು

ಬೇಸ್‌ಬಾಲ್ ನೋಡಲು ಕೂತರೆ ಹಿರೇಮಠ ಅಂಕಲ್ ಅವರ ಬಲಗೈ ತೋರುಬೆರಳು ಮೇಲೆದ್ದೇ ಇರುತ್ತಿತ್ತು. ಇವರು ತನ್ನನ್ನೇ ಕರೆಯುತ್ತಿದ್ದಾರೆ ಅಂದುಕೊಂಡು ಬಿಯರ್ ಮಾರುವವನು ಎಷ್ಟೋ ಸಲ ಬಂದು ನಿಂತದ್ದುಂಟು. ಅಂಕಲ್ ಅಪ್ಪಣೆ ಕೊಡುತ್ತಿದ್ದದ್ದು ಕೆಳಗೆ ನಿಂತಿದ್ದ ನಮ್ಮ ಟೀಮಿನ ಮ್ಯಾನೇಜರಿಗೆ, ಅದೂ ಗದಗಿನ ಕನ್ನಡದಲ್ಲಿ. "ಅವನ್ನ ಓಡಸಬ್ಯಾಡ," "ಪಿಚರ್‌ನ ತಗೀಬ್ಯಾಡ." ಆ ಮನುಷ್ಯನಿಗೆ ಕನ್ನಡ ಬರುತ್ತಿರಲಿಲ್ಲ. ನಮ್ಮ ಟೀಮು ಸೋಲುವುದಕ್ಕೆ ಅದೇ ಕಾರಣ ಅನ್ನುವುದು ಅಂಕಲ್ ಅವರ ಖಚಿತ ಅಭಿಪ್ರಾಯ.

ಅಂಕಲ್ ತೀರಿಹೋಗಿ ಎರಡು ಸೀಸನ್ ಆಯಿತು. ಮ್ಯಾನೇಜರೂ ಬದಲಾದ. ಈಗಲೂ ಸೋಲುತ್ತೇವೆ.

ನಾವಿಬ್ಬರೂ ಅಮೆರಿಕದ ಸೆಂಟರ್‌ವಿಲ್‌ನಲ್ಲಿ ಒಂದೇ ಬೀದಿಯವರು. ನಾನು ಮೈಸೂರಿನ ಸಾಫ್ಟ್‌ವೇರ್‌ನವನು; ಅವರು ಹಳೇ ಸೇತುವೆಗಳ ಕೆಳಗೆ ಇಳಿದು ಬಿರುಕು ಹುಡುಕುವ ಇಂಜಿನಿಯರು. ಆಟವಿದ್ದ ಶನಿವಾರ ನನ್ನ ಕಾರಿನಲ್ಲಿ ಮೆಟ್ರೋ ಸ್ಟೇಷನ್ನಿಗೆ, ಅಲ್ಲಿಂದ ರೈಲಿನಲ್ಲಿ ವಾಷಿಂಗ್ಟನ್ನಿಗೆ. ಅಂಕಲ್ ಕೈಯಲ್ಲಿ ಯಾವಾಗಲೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ, ಅದರೊಳಗೆ ಅವರ ಹೆಂಡತಿ ಶಾಂತಾ ಆಂಟಿ ಒಗ್ಗರಣೆ ಹಾಕಿದ ಚುರುಮುರಿ. ಗೇಟಿನಲ್ಲಿ ತಪಾಸಣೆ ಮಾಡುವವನು ಮೊದಲ ವರ್ಷ ಅನುಮಾನದಿಂದ ಮೂಸಿ ನೋಡಿದ್ದ. ಮರುವರ್ಷದಿಂದ ತಾನಾಗಿ ಅಂಗೈ ಚಾಚತೊಡಗಿದ.

ಅವರದ್ದೊಂದು ಕಾನೂನಿತ್ತು. ಮ್ಯಾನೇಜರ್ ಮಾಡಿದ್ದು ತಪ್ಪು ಅನ್ನಬೇಕಾದರೆ ಚೆಂಡು ಪಿಚರ್‌ನ ಕೈ ಬಿಡುವ ಮೊದಲೇ ಅನ್ನಬೇಕು. ಬಿಟ್ಟ ಮೇಲೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಒಂದು ಸಲ ದಣಿದ ಪಿಚರ್ ಒಬ್ಬನ ಚೆಂಡನ್ನು ಎದುರಾಳಿ ದೂರಕ್ಕೆ ಬಾರಿಸಿದಾಗ ನಾನು, ಇವನನ್ನು ಆಗಲೇ ತೆಗೆಯಬೇಕಿತ್ತು ಅಂದುಬಿಟ್ಟೆ. ಅಂಕಲ್ ನನ್ನ ಕಡೆ ತಿರುಗಿ, "ಸೇತುವಿ ಬಿದ್ದ ಮ್ಯಾಲ ಬಿರುಕು ತೋರಸಾವ ಇಂಜಿನಿಯರ್ ಅಲ್ಲ ತಮ್ಮಾ," ಅಂದರು. ಚುರುಮುರಿ ಚೀಲ ನಮ್ಮಿಬ್ಬರ ನಡುವಿನಿಂದ ಅವರ ಆಚೆ ತೊಡೆಗೆ ವರ್ಗವಾಯಿತು. ಆಟ ಮುಗಿಯುವವರೆಗೂ ಅಲ್ಲೇ ಇತ್ತು.

ಇಂಥವರನ್ನು ನಮ್ಮ ಕನ್ನಡ ಸಂಘದವರು ಪಿಕ್ನಿಕ್ಕಿನ ಬೇಸ್‌ಬಾಲ್ ಪಂದ್ಯಕ್ಕೆ ಮ್ಯಾನೇಜರ್ ಮಾಡಿದರು. ಆ ಮಂಗಳವಾರವಷ್ಟೇ ನನ್ನ ಕೆಲಸ ಹೋಗಿತ್ತು. ವೀಸಾದವರಿಗೆ ಅರವತ್ತು ದಿನದ ಗಡುವು. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ನನ್ನ ಹೆಂಡತಿ ಬಿಟ್ಟರೆ ಈ ವಿಷಯ ಗೊತ್ತಿದ್ದದ್ದು ಅಂಕಲ್‌ಗೆ ಮಾತ್ರ, ಪಾರ್ಕಿಗೆ ಹೋಗುವ ದಾರಿಯಲ್ಲಿ ನಾನೇ ಹೇಳಿಕೊಂಡಿದ್ದೆ.

ಪಿಚರ್ ನಾನು. ಪುಣ್ಯಕ್ಕೆ ಅವತ್ತು ಕೈ ಚೆನ್ನಾಗಿ ಓಡುತ್ತಿತ್ತು. ಕೊನೆಯ ಇನಿಂಗ್ಸ್, ಒಂದು ರನ್ ಮುಂದಿದ್ದೇವೆ, ಇನ್ನೊಬ್ಬನನ್ನು ಔಟ್ ಮಾಡಿದರೆ ಮುಗಿಯಿತು. ಆದರೆ ಎದುರು ಟೀಮಿನ ಇಬ್ಬರು ಬೇಸಿನ ಮೇಲೆ, ಚೆಂಡು ದೂರ ಹೋದರೆ ಓಡಿ ರನ್ ಗಳಿಸಲು ತಯಾರಾಗಿ ನಿಂತಿದ್ದಾರೆ. ಆಗ ಅಂಕಲ್ ಟಿವಿಯಲ್ಲಿ ಬರುವ ಮ್ಯಾನೇಜರುಗಳ ಹಾಗೇ, ಹೊಟ್ಟೆ ಮುಂದೆ ಮಾಡಿಕೊಂಡು, ನಿಧಾನಕ್ಕೆ ನನ್ನ ಹತ್ತಿರ ನಡೆದು ಬಂದರು. ವರ್ಷಗಟ್ಟಲೆ "ಪಿಚರ್‌ನ ತಗೀಬ್ಯಾಡ" ಅಂತ ಕೂಗಿದ ಮನುಷ್ಯ ಕೈ ಚಾಚಿದರು.

"ಚೆಂಡು ಕೊಡು ತಮ್ಮಾ. ನಿನ್ನ ತಲಿ ಇಲ್ಲಿಲ್ಲ."

ಕೊಟ್ಟೆ. ಮಂಗಳವಾರ ಆಫೀಸಿನಲ್ಲಿ ಬ್ಯಾಡ್ಜನ್ನೂ ಹೀಗೇ ಕೊಟ್ಟಿದ್ದೆ. ನನ್ನ ಬದಲಿಗೆ ಬಂದ ಸಂಘದ ಕಾರ್ಯದರ್ಶಿಯ ಮೊದಲ ಚೆಂಡೇ ಹೊಡೆತ ತಿಂದು ಪಾರ್ಕಿಂಗ್ ಲಾಟಿಗೆ ಹೋಗಿ ಬಿತ್ತು. ಸೋತೆವು. ತೆಗೆಯಬಾರದಿತ್ತು ಅಂತ ಎಲ್ಲರೂ ಅಂಕಲ್ ಮೇಲೆ ಬಿದ್ದರು. ಮೊದಲೇ ಹೇಳಿದ್ದಿರೇನು ಅಂತ ಅವರು ಒಬ್ಬೊಬ್ಬರನ್ನೇ ಕೇಳಿದರು. ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಒಂದೇ ವಾರದಲ್ಲಿ ಎರಡು ಕಡೆ ತೆಗೆದುಹಾಕಿಸಿಕೊಂಡಿದ್ದೆ, ಎರಡನೆಯದು ನನ್ನವರ ಕೈಯಲ್ಲಿ.

ಗಡುವಿಗೆ ಒಂದು ವಾರ ಉಳಿದಿರುವಾಗ ಕೆಲಸ ಸಿಕ್ಕಿತು. ಅಂಕಲ್‌ಗೆ ಮಾತ್ರ ಹೇಳಲಿಲ್ಲ. ಅವರ ಮನೆ ದಾಟಬಾರದು ಅಂತ ಬೀದಿಯ ಆಚೆ ತುದಿಯಿಂದ ಸುತ್ತು ಹಾಕಿ ಕಾರು ಓಡಿಸುತ್ತಿದ್ದೆ. ಮೂರು ತಿಂಗಳು ಹೀಗೇ ನಡೆಯಿತು. ಸೆಪ್ಟೆಂಬರಿನಲ್ಲಿ ಶಾಂತಾ ಆಂಟಿ ಫೋನ್ ಮಾಡಿದರು. ಅಂಕಲ್‌ಗೆ ಮೊಣಕಾಲು ನೋವಂತೆ, ಆದರೂ ಒಬ್ಬರೇ ಆಟಕ್ಕೆ ಹೊರಟಿದ್ದಾರಂತೆ, ನೀನೇ ಕರೆದುಕೊಂಡು ಹೋಗಪ್ಪ ಅಂದರು. ಇಲ್ಲ ಅನ್ನಲಾಗಲಿಲ್ಲ.

ರೈಲಿನಲ್ಲೂ ಸ್ಟೇಡಿಯಂನಲ್ಲೂ ಅಂಕಲ್ ಚುರುಮುರಿ ಚೀಲವನ್ನು ಆಚೆ ತೊಡೆಯ ಮೇಲೇ ಇಟ್ಟುಕೊಂಡು ಕೂತರು. ಆಟವೂ ನಮ್ಮನ್ನು ಆಡಿಕೊಳ್ಳಲೆಂದೇ ಹಾಗೆ ನಡೆಯಿತೋ ಏನೋ. ಕೊನೆಯ ಇನಿಂಗ್ಸ್, ನಾವು ಒಂದು ರನ್ ಮುಂದೆ, ಅವರ ಇಬ್ಬರು ಬೇಸಿನ ಮೇಲೆ. ಮ್ಯಾನೇಜರ್ ಎದ್ದು ಪಿಚರ್ ಹತ್ತಿರ ನಡೆದ. ನಾನು ಮೈದಾನದ ಮೇಲಿನ ಕಣ್ಣು ಕೀಳದೆ ಕೇಳಿದೆ, "ಹೇಳಿ ಅಂಕಲ್. ತೆಗೀಬೇಕಾ?"

ಬೆರಳು ಏಳಲಿಲ್ಲ. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಬ್ಯಾಡ, ಇರಲಿ ಅವ," ಅಂದರು ಮೆಲ್ಲಗೆ. "ನಾ ಒಮ್ಮೆ ತಗದು ನೋಡೀನಿ. ತಪ್ಪಾತು."

ಅವತ್ತು ಮ್ಯಾನೇಜರಿಗೆ ಅದು ಹೇಗೋ ಕೇಳಿಸಿತು ಅನ್ನಬೇಕು. ಪಿಚರ್‌ನ ಭುಜ ತಟ್ಟಿ, ಅವನನ್ನು ಅಲ್ಲೇ ಬಿಟ್ಟು ಹಿಂದಿರುಗಿದ. ಮುಂದಿನ ಚೆಂಡು ನಮ್ಮ ತಲೆಯ ಮೇಲೆ ಹಾರಿಹೋಯಿತು. ಹೋಮ್ ರನ್, ಸೋತೆವು. ತೆಗೆಯಬೇಕಿತ್ತು ಅಂತ ಇಡೀ ಸ್ಟೇಡಿಯಂ ಗೊಣಗುತ್ತ ಎದ್ದಿತು. ನನಗೆ ಅಳು ಬಂದುಬಿಟ್ಟಿತು. ಸೋತದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡು ಮುಂದಿನ ಸೀಟಿನವನು ನನಗೆ ಸಮಾಧಾನ ಹೇಳಿ ಹೋದ.

ನಾವಿಬ್ಬರೂ ಜೊತೆಗೆ ನೋಡಿದ ಕೊನೆಯ ಆಟ ಅದು. ಜನ ಖಾಲಿಯಾಗುವವರೆಗೆ ಅಂಕಲ್ ಏಳಲಿಲ್ಲ. ಆಮೇಲೆ ಆಚೆ ತೊಡೆಯ ಮೇಲಿದ್ದ ಚುರುಮುರಿ ಚೀಲ ತೆಗೆದು ನನ್ನ ತೊಡೆಯ ಮೇಲಿಟ್ಟರು.

"ಈಗೂ ಅದನ್ನ ಹೇಳ್ತೀನಿ," ಅಂದರು. "ಅವ ಅಲ್ಲೇ ಇರಬೇಕಿತ್ತು."